ಹಾಳೂರು ಹಿಡಿದು ತಾಲೂಕಿನ ಚರಿತ್ರೆ ಬರೆದದ್ದು: ನನ್ನ ಅನುಭವ

ಶಾಸನವೇ ಇಲ್ಲದ ಊರಿಗೆ ಚರಿತ್ರೆ ಎಲ್ಲಿಂದ ತರುತ್ತೀರಿ ಎಂದು ಕೇಳಿದವರು ಬಹಳ ಮಂದಿ. ಪಿಎಚ್‌.ಡಿ. ಮಾಡಿಸುವವರೂ ಅದರಲ್ಲಿದ್ದರು. ಈಗ ಅವರಲ್ಲೇ ಇಬ್ಬರು, ನಮ್ಮ ತಾಲೂಕಿನ ಹಾಳೂರುಗಳ, ಅಂದರೆ ಜನ ಬಿಟ್ಟುಹೋದ ಊರುಗಳ ಬಗ್ಗೆ ನಾನು ಬರೆದ ಪುಸ್ತಕದ ನಕ್ಷೆಗಳನ್ನು ಕೇಳಿ ಫೋನ್ ಮಾಡಿದ್ದಾರೆ. ಸ್ವಲ್ಪ ಜಂಬ ಅಂದುಕೊಂಡರೂ ಪರವಾಗಿಲ್ಲ, ಹೇಗೆ ಮಾಡಿದೆ ಅಂತ ಬರೆದುಬಿಡುತ್ತೇನೆ. ಪಡಿಯಚ್ಚು (ಒದ್ದೆ ಕಾಗದ ಒತ್ತಿ ಶಾಸನದ ಅಚ್ಚು ತೆಗೆಯುವುದು), ಹಳೆ ಲಿಪಿ, ಶಕವರ್ಷದ ಲೆಕ್ಕ ನಿಮಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

ನನ್ನದು ಕೊಪ್ಪಳ ಜಿಲ್ಲೆಯ ಯಲಬುರ್ಗಾ ಕಡೆಯ ಯರೆ ಸೀಮೆ. ಸುತ್ತ ದೊಡ್ಡ ದೊಡ್ಡ ಹೆಸರುಗಳು. ಇಟಗಿಯ ಮಹಾದೇವ ದೇವಾಲಯ 1112ರದು, ಆರನೇ ವಿಕ್ರಮಾದಿತ್ಯನ ದಂಡನಾಯಕ ಕಟ್ಟಿಸಿದ್ದು. ಕುಕನೂರಿನಲ್ಲಿ ನವಲಿಂಗ ಗುಡಿ. ಕೊಪ್ಪಳಕ್ಕೆ ಹೋದರೆ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನ. ಗಂಗಾವತಿ ಕಡೆ ಹಿರೇಬೆಣಕಲ್ಲಿನ ಮೋರ್ಯರ ಗುಡ್ಡ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅನ್ನುತ್ತಾರೆ. ನಡುವಿನ ಊರುಗಳನ್ನು ಯಾರು ನೋಡಬೇಕು ಅಂತ ಗಾದೆಯಲ್ಲಿಲ್ಲ. ನನಗೆ ಬೇಕಾಗಿದ್ದದ್ದು ಆ ಊರುಗಳು.

ಎಂ.ಎ. ಮುಗಿಸಿ ಅತಿಥಿ ಉಪನ್ಯಾಸಕಿಯಾದೆ. ವರ್ಷಕ್ಕೆ ಏಳೆಂಟು ತಿಂಗಳ ಕೆಲಸ. ಗೌರವಧನ ಬಂದಾಗ ಬಂತು. ಉಳಿದ ತಿಂಗಳು ಕೈಯಲ್ಲಿ ಸಮಯ ಇತ್ತು, ದುಡ್ಡು ಇರಲಿಲ್ಲ. ಮೊದಲ ನಾಲ್ಕೈದು ವರ್ಷ ಎಲ್ಲರ ಹಾಗೆ ನಾನೂ ಕಲ್ಲು ಹುಡುಕಿದೆ. ಬೇಸಿಗೆ ಗಾಳಿಗೆ ಒದ್ದೆ ಕಾಗದ ಕಲ್ಲು ಬಿಟ್ಟು ಹಾರುತ್ತಿತ್ತು. ಬೆಳಿಗ್ಗೆ ಏಳರೊಳಗೆ ಮುಗಿಸಬೇಕು, ಇಲ್ಲದಿದ್ದರೆ ಆ ದಿನ ಹೋದಂತೆ. ಗುಡಿಯ ಶಾಸನಕ್ಕೆ ಭಕ್ತರು ಆಯಿಲ್ ಪೇಂಟ್ ಬಳಿದಿದ್ದರು. ಜೀರ್ಣೋದ್ಧಾರ ಆದಲ್ಲಿ ಕಲ್ಲಿನ ಮೇಲೆ ಗ್ರಾನೈಟ್ ಕೂತಿತ್ತು. ಇಷ್ಟೆಲ್ಲಾ ಮಾಡಿ ಇಪ್ಪತ್ತರ ಹತ್ತಿರ ಕಲ್ಲು ಸಿಕ್ಕವು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟ ತೆಗೆದು ನೋಡಿದರೆ ಮುಕ್ಕಾಲು ಪಾಲು ಅದರಲ್ಲೇ ಇವೆ. ಹೊಸದಾಗಿ ಸಿಕ್ಕವು ಒಡೆದ ವೀರಗಲ್ಲುಗಳು. ಎರಡು ಸಾಲು, ಅದರಲ್ಲೂ ಅರ್ಧ ಸವೆದದ್ದು.

ಒಂದು ದಾನಶಾಸನ ಮಾತ್ರ ತಲೆಯಲ್ಲಿ ಉಳಿಯಿತು. ಮೂಡಲ ಗಡಿ ಹೆಬ್ಬಟ್ಟೆ (ದೊಡ್ಡ ದಾರಿ), ತೆಂಕಲ ಗಡಿ ಇಂಥ ಊರಿನ ಹೊಲ ಅಂತ ಅದರಲ್ಲಿತ್ತು. ಆ ಊರು ಈಗ ಎಲ್ಲೂ ಇಲ್ಲ. ಗೌಡರನ್ನು ಕೇಳಿದೆ, ಗೊತ್ತಿಲ್ಲ ಅಂದರು. ಆಮೇಲೆ ಹೆಸರುಕಾಳಿನ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಣ್ಣುಮಕ್ಕಳನ್ನು ಸುಮ್ನೆ ಕೇಳಿದೆ. "ಅಕ್ಕೋರ, ಅದು ಊರಲ್ಲ, ಹೊಲ. ನಾಳೆ ನಾವು ಕೂಲಿಗೆ ಹೋಗೋದು ಅಲ್ಲೇ" ಅಂದರು.

ನನ್ನ ದಾರಿ ತೆರೆದದ್ದು ಅಲ್ಲಿಂದ. ಗೌಡರಿಗೆ ತಮ್ಮ ಹೊಲದ ಸರ್ವೆ ನಂಬರ್ ಗೊತ್ತು. ಕೂಲಿ ಹೆಂಗಸರಿಗೆ ಊರಿನ ಎಲ್ಲ ಹೊಲಗಳ ಹೆಸರೂ ಗೊತ್ತಿರಲೇಬೇಕು, ಇಲ್ಲದಿದ್ದರೆ ಮರುದಿನ ಎಲ್ಲಿಗೆ ಹೋಗುವುದು? ನಾನು ಹೆಣ್ಣಾದದ್ದರಿಂದ ಅವರ ಜೊತೆ ಬದುವಿನ ಮೇಲೆ ಕೂತು ರೊಟ್ಟಿ ತಿನ್ನಬಹುದಿತ್ತು. ನನ್ನ ಹಾಗೆ ಶಾಸನ ಹುಡುಕುವ ಗಂಡಸರಿಗೆ ಈ ಅನುಕೂಲ ಇಲ್ಲ. ಹೆಣ್ಣುಮಗಳು ಹೊಲಹೊಲ ಅಲೆಯುತ್ತಾಳೆ ಅಂತ ಮನೆಯಲ್ಲಿ, ಓಣಿಯಲ್ಲಿ ಮಾತು ಬಂತು. ಬರಲಿ ಅಂತ ಬಿಟ್ಟೆ.

ಇನ್ನು ಕಂದಾಯದ ಕಡತ. ಬೇಚರಾಕ್ ಗ್ರಾಮಗಳ, ಅಂದರೆ ಕಡತದಲ್ಲಿ ಹೆಸರಿದ್ದೂ ಜನವಸತಿ ಇಲ್ಲದ ಊರುಗಳ ಪಟ್ಟಿ ನೀವು ನೋಡಿರುತ್ತೀರಿ. ನಮ್ಮ ಕಡೆ ಅದನ್ನು ಆಧಾರ ಅಂತ ಬಳಸಿದ್ದು ನಾನು ಕಂಡಿರಲಿಲ್ಲ. ಪಟ್ಟಿಯ ಹೆಸರು, ಹೆಂಗಸರು ಹೇಳಿದ ಹೊಲದ ಹೆಸರು, ಶಾಸನದ ಗಡಿ, ಈ ಮೂರರಲ್ಲಿ ಎರಡು ಕೂಡಿದರೆ ಮಾತ್ರ ನಾನು ಸ್ಕೂಟಿ ತೆಗೆಯುತ್ತಿದ್ದೆ. ಪೆಟ್ರೋಲು ಉಳಿಯಿತು.

ಜಾಗಕ್ಕೆ ಹೋದಮೇಲೆ ನೋಡುವುದು ಇಷ್ಟು. ಹೊಲದ ನಡುವೆ ಒಂಟಿ ಹನುಮಪ್ಪನ ಗುಡಿ ಇದೆಯಾ? ಬದುವಿನಲ್ಲಿ ಬೋಕಿಚೂರು, ಅಂದರೆ ಒಡೆದ ಮಡಕೆಯ ಚೂರು ಬಿದ್ದಿದೆಯಾ? ಮಾಳಿಗೆಗೆ ಹಾಕಲು ಜನ ಮಣ್ಣು ಅಗೆದು ಒಯ್ದ ಗುಂಡಿ ಇದೆಯಾ? ಎಲ್ಲಕ್ಕಿಂತ ಗಟ್ಟಿ ಗುರುತು ಹಗೇವು, ನೆಲದೊಳಗೆ ಕಾಳು ತುಂಬಿಡುವ ಗುಂಡಿ. ಹಗೇವು ತೋಡಿದ್ದಾರೆ ಅಂದರೆ ಅಲ್ಲಿ ಜೋಳ ಕೂಡಿಟ್ಟು ವರ್ಷಗಟ್ಟಲೆ ಬಾಳಿದ್ದಾರೆ. ಅದಕ್ಕೆ ರೈತರನ್ನು ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: ಟ್ರ್ಯಾಕ್ಟರ್ ಗಾಲಿ ಎಲ್ಲಾದರೂ ಕುಸಿದಿದೆಯಾ? ಈ ಪ್ರಶ್ನೆಗೆ ಬಂದಷ್ಟು ಉತ್ತರ "ಇಲ್ಲಿ ಹಳೆ ಊರಿತ್ತಾ" ಅಂದಾಗ ಯಾವತ್ತೂ ಬರಲಿಲ್ಲ. ಹಳೆ ಊರು ಅಂದರೆ ಸಾಕು, ನಿಧಿ ಹುಡುಕಲು ಬಂದಿದ್ದಾಳೆ ಅಂದುಕೊಳ್ಳುತ್ತಾರೆ. ಒಂದು ಊರಲ್ಲಿ ಸ್ಕೂಟಿಯ ಕೀ ಕಿತ್ತುಕೊಂಡು ಸಂಜೆವರೆಗೆ ಕೂರಿಸಿದ್ದರು.

ಹಾಳೂರು ಸಿಕ್ಕಿತು ಸರಿ, ಅಲ್ಲಿಯ ಜನ ಎಲ್ಲಿಗೆ ಹೋದರು? ಇಲ್ಲಿ ನನಗೆ ಕೈ ಕೊಟ್ಟದ್ದು, ಆಮೇಲೆ ಕೈ ಹಿಡಿದದ್ದು ಎರಡೂ ಹೇಳಬೇಕು. ಹಿರಿಯರನ್ನು ಕೇಳಿದರೆ ಎಲ್ಲ ಊರೂ ಪ್ಲೇಗಿನಲ್ಲೇ ಹಾಳಾಗಿವೆ. ಎಲ್ಲ ಮನೆತನವೂ ಹಂಪಿ ಹಾಳಾದಾಗ ಬಂದದ್ದೇ. 1565ರಲ್ಲಿ ಅಷ್ಟೂ ಜನ ಬಂದಿದ್ದರೆ ಯಲಬುರ್ಗಾದಲ್ಲಿ ನಿಲ್ಲಲು ಜಾಗ ಸಿಗುತ್ತಿರಲಿಲ್ಲ. ಎರಡು ವರ್ಷ ರೆಕಾರ್ಡ್ ಮಾಡಿದ ಮಾತುಗಳಲ್ಲಿ ಜೊಳ್ಳೇ ಜಾಸ್ತಿ.

ಕೈ ಹಿಡಿದದ್ದು ಮತದಾರರ ಪಟ್ಟಿ. ನಗಬೇಡಿ. ನಮ್ಮ ಕಡೆ ಅಡ್ಡಹೆಸರು ಊರ ಹೆಸರೇ ಅಲ್ವಾ? ಬೇವೂರ, ತಳಕಲ್ಲ, ಇಟಗಿ ಅಂತ. ಆ ಊರುಗಳು ಇವೆ. ಇಲ್ಲದ ಊರಿನ ಹೆಸರು ಹೊತ್ತ ಮನೆಗಳೂ ಪಟ್ಟಿಯಲ್ಲಿವೆ. ಪಟ್ಟಿಯ ಅಡ್ಡಹೆಸರುಗಳನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸಿ, ಇರುವ ಊರುಗಳನ್ನು ಹೊಡೆದು ಹಾಕಿದೆ. ಕಸುಬಿನ ಹೆಸರು, ಮಠದ ಹೆಸರು ತೆಗೆದೆ. ಉಳಿದದ್ದು ಅರವತ್ತು ಎಪ್ಪತ್ತು ಹೆಸರು. ಅದರಲ್ಲಿ ಇಪ್ಪತ್ತಕ್ಕೂ ಮೇಲೆ ಬೇಚರಾಕ್ ಪಟ್ಟಿಗೆ ಸರಿ ಹೊಂದಿದವು. ಒಂದೇ ಹಾಳೂರಿನ ಮನೆತನ ನಾಲ್ಕು ಊರುಗಳಲ್ಲಿ ಚೆದುರಿತ್ತು. ಅವರೆಲ್ಲ ಇಂದಿಗೂ ವರ್ಷಕ್ಕೊಮ್ಮೆ ಅದೇ ಒಂಟಿ ಹನುಮಪ್ಪನಿಗೆ ಎಡೆ ಒಯ್ಯುತ್ತಾರೆ. ಯಾಕೆ ಅಂತ ಮಾತ್ರ ಅವರಿಗೆ ಗೊತ್ತಿರಲಿಲ್ಲ. ಈ ಉಪಾಯ ನನ್ನದೇ, ಇನ್ನೊಬ್ಬರು ಮಾಡಿದ್ದು ನಾನು ಕಂಡಿಲ್ಲ.

ಇದನ್ನು ಒರೆಗೆ ಹಚ್ಚಲು ಹೆಳವರು, ಊರೂರು ತಿರುಗಿ ವಂಶಾವಳಿ ಹೇಳುವವರು ಬೇಕು. ಮನೆತನದ ಪೀಳಿಗೆ, ಮೂಲ ಊರು ಎರಡೂ ಅವರ ಬಾಯಲ್ಲಿ ಇರುತ್ತವೆ. ಆದರೆ ಅವರು ಹೇಳುವುದು ಆ ಮನೆತನದವರಿಗೆ, ಆ ಮನೆಯ ಮುಂದೆ. ಓದಿದ ಹೆಂಗಸು ಫೋನು ಚಾಲೂ ಮಾಡಿ ಕೂತರೆ ಬಾಯಿ ಬಿಡುವುದಿಲ್ಲ. ಮೊದಲ ಸಲ ಕಾಳು, ಸೀರೆ, ದುಡ್ಡು ಎಲ್ಲಾ ಕೊಟ್ಟು ಖಾಲಿ ಕೈಯಲ್ಲಿ ಬಂದೆ. ಕೊನೆಗೆ ಅವರನ್ನು ಹೇಗೆ ಒಪ್ಪಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವರಿಗೂ ನನಗೂ ಇರುವ ಮಾತು.

ನಿಜಾಮನ ಕಾಲದ ಕಡತಗಳು ಉರ್ದು. ಸೇತ್ವಾರ್ ಎಂಬ ಸರ್ವೆ ದಾಖಲೆ ಓದಲು ನಿವೃತ್ತ ಮೇಷ್ಟ್ರೊಬ್ಬರನ್ನು ಹಿಡಿದೆ. ಪುಟಕ್ಕೆ ಐವತ್ತು ರೂಪಾಯಿ. ಒಟ್ಟು ಹದಿನೆಂಟೋ ಇಪ್ಪತ್ತೋ ಸಾವಿರ ಹೋಯಿತು. ಅವಸರದ ಬರಹದಲ್ಲಿ ಚುಕ್ಕೆಗಳೇ ಇಲ್ಲ, ಕನ್ನಡ ಊರಿನ ಹೆಸರು ನಾಲ್ಕು ಥರ ಓದಬಹುದು. ನಾನೇ ಸಂಭವನೀಯ ಹೆಸರುಗಳ ಪಟ್ಟಿ ಮುಂದಿಟ್ಟ ಮೇಲೆ ಕೆಲಸ ಓಡಿತು. ಅವುಗಳಲ್ಲಿರುವ ಫಸ್ಲಿ (ಕಂದಾಯದ) ವರ್ಷಕ್ಕೆ 590 ಕೂಡಿಸಿ ಲೆಕ್ಕ ಹಾಕಿ. ಫಸ್ಲಿ 1358 ಅಂದರೆ 1948-49. ಈ ಕಡತಗಳಿಂದ ಒಂದು ದೊಡ್ಡ ಲಾಭ ಆಯಿತು. ಪ್ಲೇಗಿನಲ್ಲಿ ಹಾಳಾಯಿತು ಅಂತ ಜನ ಹೇಳುವ ಊರುಗಳಲ್ಲಿ ಅರ್ಧದಷ್ಟು ಪ್ಲೇಗ್ ಬರುವ ಮೊದಲೇ ಖಾಲಿ ಇದ್ದವು. ಹೆಳವರ ಪೀಳಿಗೆ ಎಣಿಸಿದರೆ ಕೆಲವು 1791-92ರ ಡೋಗಿ ಬರದ ಹತ್ತಿರ ಹೋಗುತ್ತವೆ. ಕೆಲವು 1876-77ಕ್ಕೆ, ಧಾತು ಸಂವತ್ಸರದ ಬರಕ್ಕೆ ನಿಲ್ಲುತ್ತವೆ. ಪೀಳಿಗೆಗೆ ಇಪ್ಪತ್ತೈದು ವರ್ಷ ಹಿಡಿದ ಲೆಕ್ಕ ಇದು. ಹತ್ತು ಹದಿನೈದು ವರ್ಷ ಆಚೀಚೆ ಆಗಬಹುದು, ಜಗಳ ಬೇಡ.

ನಡುವೆ ಬೇರೆ ಪ್ರಯೋಗಗಳಿಗೂ ಕೈ ಹಾಕಿದೆ. ಸವೆದ ಅಕ್ಷರಕ್ಕೆ ಮೈದಾ ತುಂಬಿ ನೋಡಿದೆ, ಇರುವೆ ಮುತ್ತಿದವು. ರಾತ್ರಿ ಹೋಗಿ ಪಕ್ಕದಿಂದ ಟಾರ್ಚ್ ಹಾಯಿಸಿದರೆ ಹಗಲು ಕಾಣದ ಅಕ್ಷರ ಎದ್ದು ಬರುತ್ತದೆ. ಬೆಳಕು ಕಲ್ಲಿಗೆ ಒರಗಿದ ಹಾಗೆ ಇರಬೇಕು. ಯಾವ ಕೋನ, ಎಷ್ಟು ದೂರ ಎಂಬುದನ್ನು ನೀವೇ ಕಂಡುಕೊಳ್ಳಿ. ಬಳ್ಳಾರಿ ಕಡೆಯ ಕುಡತಿನಿಯ ಬೂದಿದಿಬ್ಬ ನವಶಿಲಾಯುಗದ್ದು ಅಂತ ಎಲ್ಲರಿಗೂ ಗೊತ್ತು. ನಮ್ಮಲ್ಲೂ ಬೂದಿ ಅಂತ ಹೆಸರಿನ ಹೊಲ ಸಿಕ್ಕಾಗ ಕುಣಿದುಬಿಟ್ಟೆ. ಹೋಗಿ ನೋಡಿದರೆ ಸುಣ್ಣದ ಭಟ್ಟಿ, ನೂರು ವರ್ಷವೂ ಆಗಿರಲಿಕ್ಕಿಲ್ಲ. ಮೊಹರಂನಲ್ಲಿ ಹಾಡುವ ರಿವಾಯತ್ ಪದಗಳಲ್ಲಿ ರಜಾಕಾರರ ಕಾಲದ ಊರು ಬಿಟ್ಟ ಸಂಗತಿ ಸಿಗಬಹುದು ಅಂತ ಒಂದು ಮೊಹರಂ ಪೂರ್ತಿ ನಿದ್ದೆಗೆಟ್ಟೆ. ಕರ್ಬಲಾ ಸಿಕ್ಕಿತು, ಕುಕನೂರು ಸಿಗಲಿಲ್ಲ. ಪದಗಳು ಮಾತ್ರ ಚೆನ್ನಾಗಿದ್ದವು. ಅವನ್ನು ಬೇರೆಯಾಗಿ ಬರೆಯುವ ಆಸೆ ಇದೆ.

ಈಗ ದುಡ್ಡಿನ ವಿಷಯ. ಪ್ರಕಾಶಕರೊಬ್ಬರು ಎಂಬತ್ತು ಸಾವಿರ ನೀವೇ ಕೊಡಿ, ನೂರು ಪ್ರತಿ ಕೊಡುತ್ತೇವೆ ಅಂದರು. ಇನ್ನೊಬ್ಬರು ಒಂದು ತಾಲೂಕಿನ ಹಾಳೂರು ಕಥೆ ಯಾರು ಓದುತ್ತಾರೆ, ಹಂಪಿ ಬಗ್ಗೆ ಬರೆದುಕೊಡಿ ಅಂದರು. ಅನುದಾನದ ಅರ್ಜಿಗೆ ಉತ್ತರವೇ ಬರಲಿಲ್ಲ. ನಾನೇ ಮಾಡಿಸಲು ಹೊರಟೆ. ಡಿ.ಟಿ.ಪಿ., ನಕ್ಷೆ, ಗದಗಿನಲ್ಲಿ ಪ್ರಿಂಟಿಂಗು, ಆರುನೂರು ಪ್ರತಿ, ಎಲ್ಲ ಸೇರಿ ಎಪ್ಪತ್ತೈದು ಸಾವಿರದ ಆಸುಪಾಸು. ಚೀಟಿ ಎತ್ತಿದ ದುಡ್ಡು ಮೂವತ್ತು ಇತ್ತು. ಬಳೆ ಅಡ ಇಟ್ಟು ಇಪ್ಪತ್ತು ತಂದೆ. ಉಳಿದದ್ದಕ್ಕೆ ಅಡ್ಡಹೆಸರಿನ ಮನೆಗಳಿಗೇ ಹೋದೆ. ಮನೆಗೆ ಇನ್ನೂರು ಮುಂಗಡ, ಒಂದು ಪುಸ್ತಕ, ಕೊನೆಯಲ್ಲಿ ಮನೆತನದ ಹೆಸರು. ಕೊಡದವರ ಹೆಸರೂ ಪಟ್ಟಿಯಲ್ಲಿ ಬರುತ್ತದೆ ಅಂತ ಮೊದಲೇ ಹೇಳಿದ್ದೆ. ಚರಿತ್ರೆಯನ್ನು ವರ್ಗಣಿಗೆ ನೋಡಿ ಬರೆಯಲಾಗುವುದಿಲ್ಲ. ಆದರೂ ನೂರಕ್ಕೂ ಹೆಚ್ಚು ಮನೆಯವರು ಕೊಟ್ಟರು. ನಮ್ಮ ಮನೆತನ ರಾಜರದು ಅಂತ ಬರೆಯಿರಿ, ಎರಡು ಸಾವಿರ ಕೊಡುತ್ತೇವೆ ಅಂದವರ ದುಡ್ಡು ಮುಟ್ಟಲಿಲ್ಲ.

ಗವಿಮಠದ ಜಾತ್ರೆಯಲ್ಲಿ ಪುಸ್ತಕ ಇಟ್ಟೆ. ಮೊದಲ ದಿನ ಐದೂ ಹೋಗಲಿಲ್ಲ. ಮುಖಪುಟದಲ್ಲಿದ್ದ ಶಾಸನದ ಫೋಟೋ ಯಾರಿಗೂ ಬೇಕಾಗಿರಲಿಲ್ಲ. ರಾತ್ರಿ ಒಂದು ಬ್ಯಾನರ್ ಮಾಡಿಸಿದೆ. ಅದರಲ್ಲಿ ಬರೀ ಅಡ್ಡಹೆಸರುಗಳು, ಮೇಲೆ ಒಂದೇ ಸಾಲು: ನಿಮ್ಮ ಹೆಸರಿನ ಊರು ಎಲ್ಲಿತ್ತು ಗೊತ್ತಾ? ಮರುದಿನ ಬ್ಯಾನರ್ ಮುಂದೆ ಜನ ಬೆರಳಿಟ್ಟು ಓದಲು ನಿಂತರು. ಜಾತ್ರೆ ಮುಗಿಯುವಷ್ಟರಲ್ಲಿ ಇನ್ನೂರೈವತ್ತರ ಹತ್ತಿರ ಹೋದವು. ಬಳೆ ಬಿಡಿಸಿಕೊಂಡೆ. ಚೀಟಿ ದುಡ್ಡು ಇನ್ನೂ ಪೂರ್ತಿ ಬಂದಿಲ್ಲ.

ಪುಸ್ತಕದ ನಕ್ಷೆಯಲ್ಲಿ ಎರಡು ಹಾಳೂರುಗಳನ್ನು ಬೇಕೆಂದೇ ಜಾಗ ತೋರಿಸದೆ ಬಿಟ್ಟುಬಿಟ್ಟಿದ್ದೇನೆ, ಹೆಸರಿದೆ, ಗುರುತಿಲ್ಲ. ಅಲ್ಲಿ ಬೋಕಿ ಜಾಸ್ತಿ, ರಾತ್ರಿ ಜೆಸಿಬಿ ತರುವವರೂ ಜಾಸ್ತಿ. ವಿದ್ವಾಂಸರು ಬಂದು ಕೇಳಿದರೆ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಮೊನ್ನೆ ಕೊಪ್ಪಳದಿಂದ ವಕೀಲರೊಬ್ಬರು ಬಂದಿದ್ದರು. ಅಣ್ಣತಮ್ಮಂದಿರ ಹೊಲದ ವ್ಯಾಜ್ಯಕ್ಕೆ ನನ್ನ ನಕ್ಷೆ ಸಾಕ್ಷಿಯಾಗಿ ಬೇಕಂತೆ, ನಾನು ಕೋರ್ಟಿಗೆ ಬರಬೇಕಂತೆ. ಪುಸ್ತಕಕ್ಕೆ ಇನ್ನೂರು ರೂಪಾಯಿ, ನಾನು ಬರುವುದಿಲ್ಲ ಅಂದೆ. ಮೂರು ಪ್ರತಿ ತೆಗೆದುಕೊಂಡು ಹೋದರು.