ದುಡ್ಡು ಕೊಟ್ಟು ಲೀಡ್ ತಗೊಳ್ಳೋದು: ನನ್ನ ಲೆಕ್ಕ

ಆನ್‌ಲೈನ್ ಲೀಡ್‌ಗೆ, ಅಂದರೆ ಕೆಲಸ ಮಾಡಿಸಬೇಕು ಅಂತ ಆನ್‌ಲೈನ್‌ನಲ್ಲಿ ಕೇಳಿದ ಗಿರಾಕಿಯ ನಂಬರ್‌ಗೆ, ದುಡ್ಡು ಹಾಕುತ್ತೇನೆ ಅಂದಾಗ ನಮ್ಮ ಲೈನಿನವರು ಯಾರೂ ಒಪ್ಪಲಿಲ್ಲ. "ಎಲ್ಲಾ ಮೋಸ, ಒಂದೇ ನಂಬರನ್ನ ಐದು ಜನಕ್ಕೆ ಮಾರ್ತಾರೆ" ಅಂದರು. ಸುಳ್ಳೇನಲ್ಲ, ಮಾರುತ್ತಾರೆ. ಆದರೂ ಈಗ ನನ್ನ ವಾಟರ್‌ಪ್ರೂಫಿಂಗ್ ಕೆಲಸದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಅಲ್ಲಿಂದಲೇ ಬರುತ್ತಿದೆ, ಅದೂ ಲಾಭದಲ್ಲಿ. ಆವತ್ತು ನಕ್ಕವರಲ್ಲೇ ಒಂದಿಬ್ಬರು ಈಗ ಫೋನ್ ಮಾಡಿ "ಹೇಗೆ ಮಾಡಿದೆ ಮಾರಾಯ" ಅಂತ ಕೇಳುತ್ತಾರೆ. ಹೇಳಬಹುದಾದಷ್ಟು ಹೇಳುತ್ತೇನೆ.

ನಾನು ಲೆಕ್ಕ ಇಡೋದು ಹೆಲ್ಪರ್ ಕೂಲಿಯಲ್ಲಿ. ರೇಟು ವರ್ಷವರ್ಷ ಬದಲಾಗುತ್ತದೆ, ಒಬ್ಬೊಬ್ಬರದು ಒಂದೊಂದು. ಎಷ್ಟು ದಿನದ ಕೂಲಿ ಅಂದರೆ ಎಲ್ಲರಿಗೂ ತಿಳಿಯುತ್ತದೆ, ಅಲ್ವಾ?

ಮೊದಲು ತಗೊಂಡ ಪ್ಯಾಕೇಜಿನಲ್ಲಿ ಒಂದು ಲೀಡ್‌ಗೆ ಸುಮಾರು ಅರ್ಧ ದಿನದ ಕೂಲಿ ಬೀಳುತ್ತಿತ್ತು. ಅಗ್ಗ ಅನಿಸಿತು. ನೂರು ಲೀಡ್ ಬಂದರೆ ಮೂವತ್ತು ಫೋನೇ ಎತ್ತುತ್ತಿರಲಿಲ್ಲ, ಇಲ್ಲಾ ನಂಬರ್ ತಪ್ಪಿರುತ್ತಿತ್ತು. ಇನ್ನೊಂದು ಇಪ್ಪತ್ತು ಜನ ಸುಮ್ನೆ ರೇಟ್ ಕೇಳುವವರು. ಇಪ್ಪತ್ತೈದು ನಮ್ಮ ಕೆಲಸವೇ ಅಲ್ಲ. ನಲ್ಲಿ ರಿಪೇರಿ, ಟೈಲ್ಸ್ ಬದಲಾವಣೆ, ಒಬ್ಬರಂತೂ ಈಜುಕೊಳ ತೊಳೆಯೋದಕ್ಕೆ ಕೇಳಿದ್ದರು. ಉಳಿದವರಲ್ಲಿ ಹದಿನೈದು ಕಡೆ ಹೋಗಿ ನೋಡಿದರೆ ನಾಲ್ಕೋ ಐದೋ ಕೆಲಸ ಕೈಗೆ ಸಿಗುತ್ತಿತ್ತು. ಅಂದರೆ ಒಂದು ಕೆಲಸ ಹಿಡಿಯೋದಕ್ಕೇ ಹತ್ತು–ಹನ್ನೆರಡು ದಿನದ ಕೂಲಿ ಹೋಯಿತು. ಪೆಟ್ರೋಲ್ ಬೇರೆ. ಸೈಟ್ ವಿಸಿಟ್ ಅಂತ ಕೆಲಸ ಬಿಟ್ಟು ಅಲೆದ ಸಮಯ ಬೇರೆ.

ಬಾತ್‌ರೂಮ್ ಸೋರಿಕೆ ಕೆಲಸದಲ್ಲಿ ನನಗೆ ಉಳಿಯೋದೇ ಐದಾರು ದಿನದ ಕೂಲಿ. ಹಾಗಾಗಿ ಅಂಥ ಕೆಲಸ ಎಷ್ಟು ಜಾಸ್ತಿ ಬಂದರೆ ಅಷ್ಟು ನಷ್ಟ. ಟೆರೇಸ್ ಕೆಲಸದಲ್ಲಿ ಇಪ್ಪತ್ತೈದು ದಿನದ ಕೂಲಿ ಉಳಿಯುತ್ತದೆ, ಅದಕ್ಕಾದರೆ ತಡೆದುಕೊಳ್ಳಬಹುದು. ಲೀಡ್ ಬೇಡ ಅನ್ನುವವರಲ್ಲಿ ಮುಕ್ಕಾಲು ಪಾಲು ಜನ ಈ ಎರಡನ್ನೂ ಒಂದೇ ಚೀಲಕ್ಕೆ ಹಾಕಿ ತೂಗುತ್ತಾರೆ. ನಾನು ಬೇರೆ ಮಾಡಿದೆ. ಟೆರೇಸ್ ಮತ್ತು ಹೊರಗೋಡೆ ಸೋರಿಕೆ ಬಿಟ್ಟು ಉಳಿದ ವಿಭಾಗವೆಲ್ಲ ಆಫ್ ಮಾಡಿಸಿದೆ. ಸೇಲ್ಸ್ ಹುಡುಗ "ಸಾರ್, ಲೀಡ್ ತುಂಬಾ ಕಮ್ಮಿ ಆಗುತ್ತೆ" ಅಂತ ಹೆದರಿಸಿದ. ಕಮ್ಮಿ ಆಯಿತು, ನಿಜ. ಒಂದೊಂದು ಲೀಡ್‌ನ ಬೆಲೆಯೂ ಮುಕ್ಕಾಲು ದಿನದ ಕೂಲಿಗೆ ಏರಿತು. ಆದರೆ ನೂರಕ್ಕೆ ಹನ್ನೆರಡು–ಹದಿಮೂರು ಕೆಲಸ ಕುದುರತೊಡಗಿತು. ಕೆಲಸಕ್ಕೆ ಆರು ದಿನದ ಕೂಲಿ ಖರ್ಚು, ಇಪ್ಪತ್ತೈದು ದಿನದ್ದು ಲಾಭ. ನೀವೇ ಕೂಡಿಸಿ ಕಳೆಯಿರಿ.

ವಿಭಾಗ ಬದಲಾಯಿಸಿದ್ದರಿಂದ ಮಾತ್ರ ಹೀಗಾಗಲಿಲ್ಲ. ಅರ್ಧ ಫಲ ಫೋನಿನಿಂದ ಬಂತು.

ಪುಡಿ–ದ್ರವದಂಥ ಎರಡು ಭಾಗ ಬೆರೆಸಿ ಹಚ್ಚುವ ಕೋಟಿಂಗ್ ಕಲಸಿದ ಮೇಲೆ ಅರ್ಧ–ಮುಕ್ಕಾಲು ಗಂಟೆಯಲ್ಲಿ ಎಳೆದು ಮುಗಿಸಬೇಕು, ಇಲ್ಲದಿದ್ದರೆ ಬಕೆಟ್‌ನಲ್ಲೇ ಗಟ್ಟಿ. ಆಗಲೇ ಜೇಬಿನಲ್ಲಿ ಫೋನ್ ಗುಂಯ್ ಅನ್ನುತ್ತದೆ. ಗ್ಲೌಸ್ ತುಂಬ ಬೂದಿ ಬಣ್ಣದ ರಾಡಿ. ಮುಗಿಸಿ, ಕೈ ತೊಳೆದು ವಾಪಸ್ ಮಾಡುವಷ್ಟರಲ್ಲಿ ಬೇರೆಯವನು ಮಾತಾಡಿ ಆಗಿರುತ್ತದೆ. 2011ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಇದೇ ವಿಷಯದ ಅಧ್ಯಯನ ಬಂದಿತ್ತು. ಅಮೆರಿಕದ 2,241 ಕಂಪನಿಗಳಿಗೆ ಆನ್‌ಲೈನ್ ವಿಚಾರಣೆ ಕಳಿಸಿ ನೋಡಿದ್ದರು. ಒಂದು ಗಂಟೆಯೊಳಗೆ ಉತ್ತರ ಕೊಟ್ಟವು ಶೇ. 37 ಮಾತ್ರ, ಶೇ. 23 ಕಂಪನಿಗಳು ಉತ್ತರವನ್ನೇ ಕೊಡಲಿಲ್ಲ. ಗಂಟೆಯೊಳಗೆ ಸಂಪರ್ಕಿಸಿದವರಿಗೆ ಗಿರಾಕಿ ಗಂಭೀರವಾಗಿ ಮಾತಿಗೆ ಸಿಗುವ ಸಾಧ್ಯತೆ, ಇನ್ನೊಂದು ಗಂಟೆ ತಡ ಮಾಡಿದವರಿಗಿಂತ ಸುಮಾರು ಏಳು ಪಟ್ಟು. ನಮ್ಮ ಕೆಲಸದಲ್ಲಿ ಒಂದು ಗಂಟೆಯೂ ಜಾಸ್ತಿಯೇ. ಹತ್ತು ನಿಮಿಷ ದಾಟಿದರೆ "ನಿಮ್ಮವರೇ ಆಗಲೇ ನಾಲ್ಕು ಜನ ಮಾಡಿದ್ರು" ಅನ್ನುತ್ತಾರೆ.

ಅದಕ್ಕೆ ಲೀಡ್ ಬರುವ ನಂಬರನ್ನೇ ತಂಗಿಯ ಕೈಗೆ ಕೊಟ್ಟೆ. ಸಂಬಳ ಇಲ್ಲ, ಕುದುರಿದ ಪ್ರತಿ ಕೆಲಸಕ್ಕೂ ಒಂದು ದಿನದ ಕೂಲಿ. ಮೇಲೆ ಹೇಳಿದ ಆರು ದಿನದ ಲೆಕ್ಕದಲ್ಲಿ ಇದು ಸೇರಿಲ್ಲ, ಸೇರಿಸಿದರೆ ಏಳು. ಅವಳು ನನಗಿಂತ ಚೆನ್ನಾಗಿ ಮಾತಾಡುತ್ತಾಳೆ, ಅದು ಬೇರೆ ಮಾತು. ಎತ್ತಿದ ತಕ್ಷಣ ಕಂಪನಿ ಹೆಸರು ಹೇಳೋದಿಲ್ಲ, ರೇಟೂ ಹೇಳೋದಿಲ್ಲ. "ಟೆರೇಸ್ ಸೋರ್ತಿದೆ ಅಂತ ಹಾಕಿದ್ರಲ್ಲ, ಕಲೆ ಸೀಲಿಂಗ್ ನಡುವೆ ಬಂದಿದ್ಯಾ, ಗೋಡೆ ಅಂಚಿನಲ್ಲಾ?" ಅಂತ ಕೇಳುತ್ತಾಳೆ. ಗಿರಾಕಿ ತಲೆಯೆತ್ತಿ ಸೀಲಿಂಗ್ ನೋಡುತ್ತಾನೆ. ಆ ಕ್ಷಣಕ್ಕೆ ಉಳಿದ ನಾಲ್ಕು ಜನ ಮರೆತುಹೋಗುತ್ತಾರೆ. ಎರಡನೇ ಪ್ರಶ್ನೆ, ಮಳೆ ನಿಂತ ಮೇಲೂ ಹನಿಯುತ್ತಾ ಅಂತ. ಮೂರನೇ ಪ್ರಶ್ನೆಯೊಂದಿದೆ. ಕೆಲಸ ಮಾಡಿಸುವವರು ಯಾರು, ಟೈಂಪಾಸ್ ಯಾರು ಅಂತ ಅದರಲ್ಲೇ ಗೊತ್ತಾಗುತ್ತದೆ. ಅದನ್ನು ಮಾತ್ರ ಇಲ್ಲಿ ಬರೆಯೋದಿಲ್ಲ, ಕ್ಷಮಿಸಿ.

ಆಮೇಲೆ ವಾಟ್ಸಾಪ್‌ನಲ್ಲಿ ಟೆರೇಸಿನ ವಿಡಿಯೋ ಕಳಿಸೋದಕ್ಕೆ ಹೇಳುತ್ತೇವೆ. ಮೇಲೆ ಹತ್ತಿ ವಿಡಿಯೋ ಮಾಡಿದವರು ಮಾಡಿಸುತ್ತಾರೆ, ನಾಳೆ ಕಳಿಸ್ತೀನಿ ಅಂದವರು ಕಳಿಸೋದೇ ಇಲ್ಲ. ವಿಸಿಟ್‌ಗೆ ಅರ್ಧ ದಿನದ ಕೂಲಿ ಚಾರ್ಜ್ ಇಟ್ಟಿದ್ದೇನೆ, ಕೆಲಸ ಕೊಟ್ಟರೆ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತೇವೆ. ಗೆಳೆಯರು "ವಿಸಿಟ್‌ಗೆ ಯಾರು ದುಡ್ಡು ಕೊಡ್ತಾರೆ?" ಅಂತ ನಕ್ಕರು. ವಿಡಿಯೋ ಕಳಿಸಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಕರಾರಿಲ್ಲದೆ ಕೊಡುತ್ತಾರೆ.

ಲೀಡ್ ಸರ್ವೀಸಿನವರ ಜೊತೆಗಿನ ಜಗಳ ಇನ್ನೊಂದು ಕಥೆ. ಒಂದು ಕಂಪನಿ ತಪ್ಪು ನಂಬರ್‌ಗೂ ದುಡ್ಡು ಕಿತ್ತುಕೊಂಡಿತು, ಪ್ಯಾಕೇಜ್ ಮುಗಿದದ್ದು ತಾನೇ ರಿನ್ಯೂ ಆಗಿ ಕಾರ್ಡ್‌ನಿಂದ ದುಡ್ಡು ಹೋಯಿತು. ವಾಪಸ್ ಬರಲೇ ಇಲ್ಲ. ಎಲ್ಲ ಕಡೆ ಇದೇ ಗೋಳು. ಅಮೆರಿಕದಲ್ಲಿ ಲೀಡ್‌ಗಳ ಗುಣಮಟ್ಟವನ್ನು ಉಬ್ಬಿಸಿ ಹೇಳಿದೆ ಅಂತ ಮನೆಗೆಲಸದ ಲೀಡ್ ಮಾರುವ ಹೋಮ್‌ಅಡ್ವೈಸರ್ ಕಂಪನಿ ಮೇಲೆ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2022ರಲ್ಲಿ ದೂರು ದಾಖಲಿಸಿತು. 2023ರಲ್ಲಿ 72 ಲಕ್ಷ ಡಾಲರ್‌ವರೆಗೆ ಕೊಡಬೇಕೆಂದು ಆದೇಶವಾಯಿತು. ನಮಗೆ ಅಷ್ಟು ದೂರ ಹೋಗೋದಕ್ಕೆ ಪುರುಸೊತ್ತಿಲ್ಲ. ಹಾಗಾಗಿ ವರ್ಷದ ಪ್ಯಾಕೇಜ್ ಮುಟ್ಟೋದಿಲ್ಲ, ತಿಂಗಳದ್ದು ಮಾತ್ರ. ಕಾರ್ಡ್ ನಂಬರ್ ಉಳಿಸಲು ಬಿಡೋದಿಲ್ಲ. ಕೆಟ್ಟ ಲೀಡ್ ಬಂದ ದಿನವೇ ಕಾಲ್ ಲಾಗ್‌ನ ಸ್ಕ್ರೀನ್‌ಶಾಟ್ ಹಾಕಿ ದೂರು ಕೊಡಬೇಕು. ವಾರ ಬಿಟ್ಟರೆ "ಅವಧಿ ಮುಗಿದಿದೆ ಸಾರ್" ಅನ್ನುತ್ತಾರೆ. ಹೀಗೆ ಹಟ ಹಿಡಿದು ಹತ್ತರಲ್ಲಿ ಒಂದು ಲೀಡ್‌ನಷ್ಟು ಕ್ರೆಡಿಟ್ ವಾಪಸ್ ತಗೊಂಡಿದ್ದೇನೆ. ರೇಟಿನ ಚೌಕಾಸಿ ಮಾಡೋದಾದರೆ ತಿಂಗಳ ಕೊನೇ ವಾರದಲ್ಲಿ ಮಾಡಿ. ಯಾಕೆ ಅಂತ ಸೇಲ್ಸ್‌ನಲ್ಲಿ ಇದ್ದವರನ್ನು ಕೇಳಿ.

ನಡುವೆ ಬೇರೆ ಪ್ರಯೋಗಗಳೂ ಆದವು. ಕರಪತ್ರಕ್ಕೆ ಒಂದು ಸಿಮ್, ಸೈಟ್ ಮುಂದಿನ ಬೋರ್ಡ್‌ಗೆ ಒಂದು ಸಿಮ್, ಲೀಡ್‌ಗೆ ಒಂದು ಅಂತ ಬೇರೆ ಬೇರೆ ನಂಬರ್ ಇಟ್ಟೆ. ಕರಪತ್ರದ ಸಿಮ್‌ಗೆ ಬಂದದ್ದು ಬಹುಪಾಲು ಲೋನ್ ಕೊಡುವವರ ಕರೆ. ಬೋರ್ಡ್ ಖರ್ಚಿಲ್ಲದೆ ಚೆನ್ನಾಗಿ ದುಡಿಯಿತು, ಆದರೆ ಕೆಲಸ ನಡೆಯುತ್ತಿದ್ದರೆ ಮಾತ್ರ. ಕೆಲಸವೇ ಇಲ್ಲದ ತಿಂಗಳಲ್ಲಿ ಬೋರ್ಡ್ ಎಲ್ಲಿ ನೆಡೋದು? ಹುಡುಕಿದಾಗ ನಮ್ಮ ಹೆಸರು, ರಿವ್ಯೂ ಕಾಣಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್‌ಗೆ ದುಡ್ಡು ಬೇಡ, ಆದರೆ ಅದಿಲ್ಲದೆ ಲೀಡ್ ತಗೊಳ್ಳೋದು ದಂಡ. ನಾವು ಫೋನ್ ಇಟ್ಟ ಕೂಡಲೇ ಗಿರಾಕಿ ನಮ್ಮ ಹೆಸರು ಹುಡುಕುತ್ತಾನೆ. ಅಲ್ಲಿ ಏನೂ ಕಾಣದಿದ್ದರೆ ಮುಂದಿನ ಕರೆ ಎತ್ತೋದಿಲ್ಲ.

ರಿವ್ಯೂ ಕೇಳಲು ಸರಿಯಾದ ಹೊತ್ತು ಬಿಲ್ ಕೊಡುವಾಗ ಅಲ್ಲ, ಕೆಲಸ ಮುಗಿಸಿ, ಮೇಲೆ ನೀರು ತುಂಬಿ ನಿಲ್ಲಿಸಿ, ಸೋರುತ್ತಾ ಅಂತ ಪರೀಕ್ಷೆ ಮಾಡುವಾಗ. ಟೆರೇಸ್‌ನಲ್ಲಿ 24ರಿಂದ 48 ಗಂಟೆ ನೀರು ನಿಲ್ಲಿಸುತ್ತೇವಲ್ಲ, ಮರುದಿನ ಗಿರಾಕಿಯನ್ನು ಕರೆದುಕೊಂಡು ಕೆಳಗಿನ ರೂಮಿಗೆ ಹೋಗಿ, ಹಳೇ ಕಲೆಯ ಮೇಲೆ ಅವರ ಕೈಯನ್ನೇ ಇಡಿಸುತ್ತೇನೆ. ಒಣಗಿದೆ ಅಂತ ಗೊತ್ತಾದಾಗ ಮುಖ ಅರಳುತ್ತದೆ. ಆಗ ಫೋನ್ ಮುಂದೆ ಹಿಡಿದರೆ ಯಾರೂ ಇಲ್ಲ ಅನ್ನೋದಿಲ್ಲ. ಪಕ್ಕದ ಮನೆಯವರಿಗೆ ವಿಡಿಯೋ ಕಳಿಸುವವರೂ ಅವರೇ. ಲೀಡ್‌ನಿಂದ ಬಂದ ನಾಲ್ಕು ಕೆಲಸಕ್ಕೆ ಒಂದರಂತೆ ಹೀಗೆ ಬಿಟ್ಟಿ ಕೆಲಸ ಹುಟ್ಟುತ್ತಿದೆ. ಮೇಲಿನ ಲಾಭದಲ್ಲಿ ಅದನ್ನು ಹಿಡಿದೇ ಇಲ್ಲ.

ಮಳೆಗೆ ಮುಂಚಿನ ಎರಡು ತಿಂಗಳು ಲೀಡ್ ಪೂರ್ತಿ ನಿಲ್ಲಿಸುತ್ತೇನೆ. ಆಗ ಹಳೇ ಗಿರಾಕಿಗಳೇ ಸಾಕುಸಾಕು ಅನ್ನುವಷ್ಟು ಬರುತ್ತಾರೆ, ಲೀಡ್‌ನ ರೇಟೂ ಆಗ ದುಬಾರಿ. ಹುಡುಗರು ಖಾಲಿ ಕೂರುವ ತಿಂಗಳಲ್ಲಿ ಮತ್ತೆ ಶುರು.

ಈಗ ಹೊರಗೋಡೆ ಪೇಂಟಿಂಗ್ ವಿಭಾಗವನ್ನೂ ಆನ್ ಮಾಡಿ ನೋಡುತ್ತಿದ್ದೇನೆ. ಇಲ್ಲಿಯವರೆಗೆ ಕೈ ಸುಡುತ್ತಿದೆ. ಪೇಂಟಿಂಗ್‌ಗೆ ಉಚಿತ ವಿಸಿಟ್ ಕೇಳುವವರೇ ಎಲ್ಲಾ, ಚಾರ್ಜ್ ಅಂದ ಕೂಡಲೇ ಫೋನ್ ಕಟ್. ನಿಮ್ಮಲ್ಲಿ ಪೇಂಟಿಂಗ್‌ನವರು ಯಾರಾದರೂ ವಿಸಿಟ್ ಚಾರ್ಜ್ ತಗೊಳ್ಳುತ್ತಿದ್ದರೆ, ಫೋನಿನಲ್ಲಿ ಹೇಗೆ ಹೇಳುತ್ತೀರಿ ಅಂತ ತಿಳಿಸಿ. ಮೂರನೇ ಪ್ರಶ್ನೆಯನ್ನು ಬೇಕಾದರೆ ಅದಕ್ಕೆ ಬದಲಾಗಿ ಕೊಡುತ್ತೇನೆ.