ದೋಟಿ ಕೊಯ್ಲಿಗೆ ಎಂಥ ಹೆಲ್ಮೆಟ್? ನಮ್ಮ ತೋಟದ ಅನುಭವ

ನಮ್ಮ ಶಿರಸಿ ಸೀಮೆಯ ಅಡಿಕೆ ತೋಟಗಳಲ್ಲಿ ಮರ ಹತ್ತಿ ಕೊನೆ (ಅಡಿಕೆ ಗೊನೆ) ಕೊಯ್ಯುವ ಕೊನೆಗೌಡರು ಸಿಗುವುದು ಕಷ್ಟವಾದ ಮೇಲೆ ಕಾರ್ಬನ್ ಫೈಬರ್ ದೋಟಿ, ಅಂದರೆ ನೆಲದಲ್ಲೇ ನಿಂತು ಕೊಯ್ಯುವ, ತುದಿಗೆ ಕತ್ತಿ ಇರುವ ಉದ್ದ ಕೋಲು, ಬಂತು. ಮರ ಹತ್ತಿದವರು ಬೀಳುವ ಭಯ ಕಡಿಮೆಯಾಯಿತು, ಕೆಳಗಿದ್ದವರ ಭಯ ಹೆಚ್ಚಾಯಿತು. ಮೊದಲು ಕೊನೆ ಹಗ್ಗದ ಮೇಲೆ ಇಳಿದು ಬರುತ್ತಿತ್ತು. ಈಗ ನಲವತ್ತು ಐವತ್ತು ಅಡಿ ಎತ್ತರದಿಂದ ನೇರ ಬೀಳುತ್ತದೆ. ದೋಟಿ ಹಿಡಿದವನೂ, ಬೀಳುವ ಕೊನೆಗಾಗಿ ಕೆಳಗೆ ಬಲೆ ಹಿಡಿದವರೂ ಮುಖ ಮೇಲೆತ್ತಿಕೊಂಡೇ ನಿಂತಿರಬೇಕು.

ನಾನು ನಮ್ಮ ತೋಟದಲ್ಲಿ ದೋಟಿ ಹಿಡಿಯುವವನು. ಹೆಲ್ಮೆಟ್ ಆರಿಸುವಾಗ ಈ ಒಂದೇ ವಿಷಯವನ್ನು ಮುಂದಿಟ್ಟುಕೊಂಡೆ: ನಮ್ಮದು ಕತ್ತೆತ್ತಿ ಮಾಡುವ ಕೆಲಸ.

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಹಳದಿ ಹೆಲ್ಮೆಟ್ ಕಟ್ಟಡ ಕೆಲಸಕ್ಕೆ ಸರಿ. ಅದಕ್ಕೆ ಐಎಸ್ 2925 ಎಂಬ ಮಾನಕವಿದೆ, ಐಎಸ್‌ಐ ಗುರುತು ನೋಡಿಯೇ ಕೊಳ್ಳಬೇಕು. ಆದರೆ ಅದರ ಮುಂದಿನ ಅಂಚು ಉದ್ದ. ಮೇಲೆ ನೋಡಿದರೆ ಕೊನೆಯೇ ಕಾಣದು, ಇನ್ನಷ್ಟು ಕತ್ತೆತ್ತಿದರೆ ಹೆಲ್ಮೆಟ್ ಹಿಂದಕ್ಕೆ ಜಾರುತ್ತದೆ. ಬೈಕಿನ ಹೆಲ್ಮೆಟ್ ಇನ್ನೂ ತೊಡಕು. ಕಿವಿ ಮುಚ್ಚುವುದರಿಂದ "ಬಂತು!" ಎಂಬ ಕೂಗು ಕೇಳುವುದಿಲ್ಲ, ಕುತ್ತಿಗೆಯೂ ಹಿಂದಕ್ಕೆ ಬಾಗುವುದಿಲ್ಲ.

ಕಡೆಗೆ ನಾವು ತರಿಸಿದ್ದು ಬೆಟ್ಟ ಹತ್ತುವವರು ಹಾಕುವ ಬಗೆಯದು. ಅಂಚು ತೀರಾ ಗಿಡ್ಡ, ಗಾಳಿಯಾಡಲು ತೂತುಗಳಿವೆ, ಗದ್ದದ ಪಟ್ಟಿ ಗಟ್ಟಿ. ಯುರೋಪಿನ ಎರಡು ಮಾನಕಗಳನ್ನು ಹೋಲಿಸಿ ನೋಡಿದಾಗ ನನ್ನ ಮನಸ್ಸು ಗಟ್ಟಿಯಾಯಿತು. ಕಾರ್ಖಾನೆ ಹೆಲ್ಮೆಟ್ಟಿನ ಇಎನ್ 397ರಲ್ಲಿ, 2025ರ ಪರಿಷ್ಕರಣೆಗೆ ಮೊದಲು, ಏಟು ತಡೆಯುವ ಪರೀಕ್ಷೆ ನಡುನೆತ್ತಿಗೆ ಮಾತ್ರ ಇತ್ತು. ಬೆಟ್ಟ ಹತ್ತುವವರ ಇಎನ್ 12492ರಲ್ಲಿ ಮುಂದೆ, ಹಿಂದೆ, ಪಕ್ಕಕ್ಕೂ ಪರೀಕ್ಷೆ ಇದೆ. ಕತ್ತೆತ್ತಿದವನಿಗೆ ಏಟು ಬೀಳುವುದು ಹಣೆಗೆ ತಾನೆ? ಈಗಲೂ ಮರ ಹತ್ತುವವರಿಗಂತೂ ಇದೇ ಬೇಕು, ಬಿದ್ದರೂ ಹೆಲ್ಮೆಟ್ ತಲೆಯ ಮೇಲೇ ಇರಬೇಕಲ್ಲ. ಆ ಹಳೆಯ ಇಎನ್ 397ರ ಗದ್ದದ ಪಟ್ಟಿಯನ್ನು 15ರಿಂದ 25 ಕೆಜಿಯಷ್ಟು ಎಳೆತಕ್ಕೆ ಬಿಚ್ಚಿಕೊಳ್ಳುವಂತೆ ಮಾಡಿರುತ್ತಿದ್ದರು. ಇಎನ್ 12492ರದ್ದು 50 ಕೆಜಿಯಷ್ಟು ಎಳೆತವನ್ನಾದರೂ ತಡೆಯಬೇಕು.

ಇಷ್ಟಾದರೂ ಒಂದು ಲೆಕ್ಕವನ್ನು ನಮ್ಮ ಕೆಲಸದವರಿಗೆಲ್ಲ ಬಿಡಿಸಿ ಹೇಳುತ್ತೇನೆ. ಇಎನ್ 397ರ ಪರೀಕ್ಷೆಯಲ್ಲಿ 5 ಕೆಜಿ ತೂಕವನ್ನು ಬೀಳಿಸುವುದು ಒಂದು ಮೀಟರಿನಿಂದ. ಅದೇ 5 ಕೆಜಿಯ ಕೊನೆ 12 ಮೀಟರಿನಿಂದ ಬಿದ್ದರೆ ಏಟಿನ ಶಕ್ತಿ ಹನ್ನೆರಡು ಪಟ್ಟು. ಬೆಟ್ಟದ ಹೆಲ್ಮೆಟ್ಟೂ ಅದನ್ನು ತಡೆಯಲಾರದು. ಉದುರುವ ಅಡಿಕೆ, ಒಣಗಿದ ಅಡಿಕೆ ಹಾಳೆಯ ತುಂಡು, ಬಲೆಗೆ ಬಡಿದು ಪಕ್ಕಕ್ಕೆ ಸಿಡಿದ ಗೊಂಚಲು, ಇವಕ್ಕೆ ಹೆಲ್ಮೆಟ್ ಇದೆ. ಇಡೀ ಕೊನೆಗೆ ಇರುವುದು ಒಂದೇ ದಾರಿ, ಅದರ ಕೆಳಗೆ ನಿಲ್ಲದಿರುವುದು. ಹಾಗಾಗಿ ಬಲೆಯನ್ನು ದೊಡ್ಡದು ಮಾಡಿಸಿದೆವು. ನಾಲ್ಕು ಮೂಲೆಯವರೂ ಕೈ ಚಾಚಿ, ಬುಡದಿಂದ ದೂರ ನಿಲ್ಲುತ್ತಾರೆ. ಕತ್ತಿ ಕೊನೆಗೆ ಸಿಕ್ಕಿಸಿದ ಮೇಲೆ ನಾನು ಕೂಗುತ್ತೇನೆ, ನಾಲ್ವರೂ "ಹ್ಞೂಂ" ಅಂದ ಮೇಲೆಯೇ ಎಳೆಯುವುದು.

ಕರೆಂಟಿನ ತಂತಿ ಇರುವ ಕಡೆ ದೋಟಿ ಎತ್ತಲೇಬಾರದು. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ, ಅಲ್ಲಿ ಯಾವ ಹೆಲ್ಮೆಟ್ಟೂ ಕಾಯುವುದಿಲ್ಲ.

ಅಡಿಕೆ ಹೆಕ್ಕುವ ಹೆಂಗಸರಿಗೆ ಹೆಲ್ಮೆಟ್ ಕೂರಿಸುವುದಕ್ಕೇ ಹೆಚ್ಚು ಸಮಯ ಹಿಡಿಯಿತು. "ಹೆಗಡೇರೆ, ಬಗ್ಗಿದ ಕೂಡಲೇ ಕಣ್ಣಿಗೆ ಬತ್ತದೆ, ಹೆಕ್ಕೂದು ಹೆಂಗೆ?" ಎಂದು ಹಿರಿಯಾಕೆಯೊಬ್ಬರು ಕೇಳಿದರು. ಅವರ ಮಾತು ನಿಜ. ತುರುಬು ಹಿಂದಿನಿಂದ ಹೆಲ್ಮೆಟ್ಟನ್ನು ಮುಂದಕ್ಕೆ ದೂಡುತ್ತಿತ್ತು. "ಅಕ್ಕಾ, ತುರುಬು ಬಿಚ್ಚಿ ಜಡೆ ಹಾಕಿ ನೋಡಿ" ಎಂದೆ. ಜಡೆಯನ್ನು ಹಿಂಪಟ್ಟಿಯ ಕೆಳಗೆ ಬಿಟ್ಟು, ಹಿಂದಿನ ತಿರುಪನ್ನು ಬಿಗಿ ಮಾಡಿದ ಮೇಲೆ ಸರಿಯಾಗಿ ಕೂತಿತು. ಗದ್ದದ ಪಟ್ಟಿ ಹಾಕದೆ ಬಗ್ಗಿ ತಲೆ ಅಲ್ಲಾಡಿಸಿದರೂ ಬೀಳಬಾರದು, ನಮ್ಮಲ್ಲಿ ಅದೇ ಅಳತೆ. ಬೆವರಿಗೆ ತೆಳು ಬಟ್ಟೆ ಕಟ್ಟಿಕೊಳ್ಳಬಹುದು. ದಪ್ಪ ಟವೆಲ್ ಸುತ್ತಿ ಅದರ ಮೇಲೆ ಹಾಕಿದರೆ ಪಟ್ಟಿ ಹಿಡಿಯುವುದೇ ಇಲ್ಲ. ಹಾಳೆ ಟೊಪ್ಪಿಯ ಮೇಲೂ ಹಾಗೆಯೇ. ಬಿಸಿಲಿಗೆ, ಕಲೆಗೆ ಹಾಳೆ ಟೊಪ್ಪಿಯಷ್ಟು ಹಿತವಾದದ್ದು ಇನ್ನೊಂದಿಲ್ಲ, ದೋಟಿ ಆಡದ ದಿನ ಅದನ್ನೇ ಹಾಕಿಕೊಳ್ಳಲಿ.

ಜೋರು ಏಟು ಬಿದ್ದ ಹೆಲ್ಮೆಟ್ಟನ್ನು ಬಿರುಕು ಕಾಣದಿದ್ದರೂ ತೆಗೆದುಹಾಕುತ್ತೇವೆ, ಒಳಗಿನ ಫೋಮ್ ಜಜ್ಜಿಹೋಗಿರುತ್ತದೆ. ಹಾಗೆ ತೆಗೆದದ್ದನ್ನು ಒಡೆದೇ ಎಸೆಯಬೇಕು, ಇಲ್ಲವಾದರೆ ಯಾರಾದರೂ ಎತ್ತಿ ಹಾಕಿಕೊಳ್ಳುತ್ತಾರೆ. ಒಳಗೆ ಅಚ್ಚಾಗಿರುವ ತಯಾರಿಕೆಯ ತಿಂಗಳು, ವರ್ಷ ನೋಡಿಯೇ ಕೊಳ್ಳಬೇಕು. ಪೇಂಟು, ಥಿನ್ನರ್, ಪೆಟ್ರೋಲ್ ತಾಗಿಸಬಾರದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ದಿನ ಕನ್ನಡಕವನ್ನೂ ಹೆಲ್ಮೆಟ್ಟನ್ನೂ ಸಾಬೂನು ನೀರಲ್ಲಿ ತೊಳೆದು, ಬೆವರುಪಟ್ಟಿ ಬಿಚ್ಚಿ ನೆರಳಲ್ಲಿ ಒಣಗಿಸುತ್ತೇವೆ. ಇಲ್ಲದಿದ್ದರೆ ನಮ್ಮ ಮಳೆಗೆ ಎರಡೇ ದಿನದಲ್ಲಿ ಬೂಸಲು ಹಿಡಿಯುತ್ತದೆ. ಅಡಿಕೆ ಬೇಯಿಸುವ ಒಲೆಯ ಹತ್ತಿರ ಮಾತ್ರ ತೂಗುಹಾಕುವುದಿಲ್ಲ, ಬಿಸಿಗೆ ಪ್ಲಾಸ್ಟಿಕ್ ಕೆಡುತ್ತದೆ.