ಊರಿಗೆಲ್ಲ ಅಳತೆ ತೆಗೆದೆ, ನನ್ನ ಕಾಲಿಗೆ ಮರೆತೆ

ಮಂಡ್ಯದಲ್ಲಿ ನನ್ನದೊಂದು ಚಿಕ್ಕ ಟೈಲರಿಂಗ್ ಅಂಗಡಿ. ಬ್ಲೌಸು, ಒಳಲಂಗ, ಚೂಡಿದಾರ, ಜೂನ್ ಬಂತೆಂದರೆ ಮಕ್ಕಳ ಯೂನಿಫಾರ್ಮು. 22 ವರ್ಷದಿಂದ ಕೊರಳಲ್ಲಿ ಟೇಪು ನೇತಾಡುತ್ತಲೇ ಇದೆ. ಸಕ್ಕರೆ ಕಾಯಿಲೆಗೆ 9 ವರ್ಷ.

ಎರಡು ವರ್ಷದ ಹಿಂದಿನ ಮಾತು. ಗೌರಿ ಹಬ್ಬಕ್ಕೆ ಇನ್ನೊಂದು ವಾರ ಇತ್ತು. ಆ ವಾರ ಟೈಲರ್ ಪಾಡು ಹೇಗಿರುತ್ತೆ ಅಂತ ನಿಮಗೂ ಗೊತ್ತು. ಬ್ಲೌಸು ಕೇಳಿಕೊಂಡು ನೀವೇ ತಾನೆ ಬಂದು ನಿಲ್ಲೋದು! ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಪೆಡಲ್ ತುಳಿಯುವುದು ನನ್ನ ಅಭ್ಯಾಸ. ಕೆಲಸ ಕಲಿಯಲು ಬರುವ ಹುಡುಗಿ ಇದ್ದಕ್ಕಿದ್ದಂತೆ, "ಅಕ್ಕಾ, ನೆಲದ ಮೇಲೆ ರಕ್ತ ಕಣಕ್ಕ!" ಅಂದಳು. ಯಾರದ್ದು ಅಂತ ನಾನೂ ಅವಳ ಜೊತೆ ಹುಡುಕಿದೆ. ನನ್ನದೇ! ಚಪ್ಪಲಿ ತಿರುಗಿಸಿದರೆ ಗುಂಡುಸೂಜಿಯ ತಲೆ ಅಡಿಯಲ್ಲಿ, ಮೊನೆ ಮೇಲೆ. ಹವಾಯಿ ಚಪ್ಪಲಿಯ ಅಟ್ಟೆ ತೂರಿ ಅಂಗಾಲಿಗೆ ಇಳಿದಿತ್ತು. ಅದನ್ನು ತುಳಿದುಕೊಂಡು ಎಷ್ಟು ಹೊತ್ತು ಓಡಾಡಿದ್ದೆನೋ. ನೋವೇ ಇರಲಿಲ್ಲ.

ನೋವಿಲ್ಲ ಅಂತ ಖುಷಿಪಟ್ಟೆ ಬೇರೆ. ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು ಹಬ್ಬದ ಬ್ಲೌಸೆಲ್ಲ ಮುಗಿಸಿ, ಆಮೇಲೆ ಮೈಸೂರಿಗೆ ಹೋಗಿ ಡಾಕ್ಟರಿಗೆ ತೋರಿಸಿದೆ. ಅವರು ಕಣ್ಣು ಮುಚ್ಚಿಸಿ, ಗಾಳದ ದಾರದಂಥ ಒಂದು ನೈಲಾನ್ ಎಳೆಯನ್ನು ಅಂಗಾಲಿಗೆ ಅಲ್ಲಲ್ಲಿ ಒತ್ತಿದರು. ಅದು ಬಾಗುವಾಗ ಕಾಲಿನ ಮೇಲೆ 10 ಗ್ರಾಂ ಭಾರ ಬೀಳುತ್ತಂತೆ. ತಗುಲಿದಾಗ ಹೇಳಿ ಅಂದರು. ನಾನು ಸುಮ್ನೆ ಕೂತೇ ಇದ್ದೆ. ದಿನವಿಡೀ ದಾರದ ಜೊತೆ ಬದುಕುವವಳಿಗೆ ದಾರ ತಗುಲಿದ್ದೇ ತಿಳಿಯಲಿಲ್ಲ. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಮೊದಲು ಕಾಲಿನ ನರಗಳು ಸೋಲುತ್ತವೆ. ಚಪ್ಪಲಿ ಕಚ್ಚಿದ್ದು, ಬೊಬ್ಬೆ ಎದ್ದದ್ದು, ಸೂಜಿ ಚುಚ್ಚಿದ್ದು ಯಾವುದೂ ಗೊತ್ತಾಗುವುದಿಲ್ಲ. ಸಣ್ಣ ಗಾಯ ದೊಡ್ಡದಾಗುವುದು ಹಾಗೆ.

"ಚಪ್ಪಲಿ ನಂಬರ್ ಎಷ್ಟಮ್ಮ?"
"ಆರು ಸಾರ್."
"ಅಳತೆ ನೋಡಿದ್ದು ಯಾವಾಗ?"
"ಮದುವೆಗೆ ತಗೊಂಡಾಗ."

ಹೇಳುವಾಗ ನನಗೇ ನಾಚಿಕೆಯಾಯಿತು. ಹೋದ ವರ್ಷದ ಅಳತೆಗೆ ಈ ವರ್ಷ ಬ್ಲೌಸ್ ಹೊಲಿಯಿರಿ ಅಂದರೆ ನಾನು ಒಪ್ಪುವುದಿಲ್ಲ. ವಯಸ್ಸಾದಂತೆ, ಮೈ ಬಂದಂತೆ, ಬಸುರಿ ಬಾಣಂತನ ಕಳೆದಂತೆ ಪಾದವೂ ಅಗಲವಾಗುತ್ತೆ, ಉದ್ದವಾಗುತ್ತೆ.

ಮನೆಗೆ ಬಂದು ಬ್ಲೌಸಿಗೆ ಪೇಪರ್ ಕಟಿಂಗ್ ಮಾಡುವ ಹಾಗೆ ಪಾದಕ್ಕೂ ಮಾಡಿದೆ. ಹೊತ್ತು ಸಂಜೆಯದೇ ಆಗಬೇಕು. ದಿನವೆಲ್ಲ ನಿಂತು ಊದಿಕೊಂಡ ಕಾಲೇ ನಿಜವಾದ ಅಳತೆ. ಹಳೆಯ ಪೇಪರ್ ಮೇಲೆ ಎರಡೂ ಕಾಲಿಗೆ ಸಮ ಭಾರ ಹಾಕಿ ನಿಂತೆ. ಮಗಳು ಪೆನ್ಸಿಲ್ ನೆಟ್ಟಗೆ ಹಿಡಿದು ಸುತ್ತಲೂ ಗೆರೆ ಎಳೆದಳು. ಬಗ್ಗಿ ನಾವೇ ಎಳೆದುಕೊಂಡರೆ ಗೆರೆ ತಪ್ಪುತ್ತೆ. ಬಲಗಾಲು ಎಡಗಾಲಿಗಿಂತ ಹೆಚ್ಚೂಕಡಿಮೆ ಅರ್ಧ ಸೆಂಟಿಮೀಟರ್ ಉದ್ದ ಬಂತು. ದೊಡ್ಡ ಕಾಲಿಗೇ ಚಪ್ಪಲಿ ತಗೊಳ್ಳಬೇಕು. ಹಳೆಯ ಹವಾಯಿಯನ್ನು ಆ ಗೆರೆಯ ಮೇಲಿಟ್ಟೆ. ಕಿರುಬೆರಳು ಪೂರ್ತಿ ಹೊರಗೆ! ಅಲ್ಲಿ ಯಾಕೆ ಆಣಿಯಾಗಿತ್ತು ಅಂತ ಆಗ ತಿಳಿಯಿತು.

ಎರಡು ಪೇಪರ್ ಪಾದಗಳನ್ನು ಪರ್ಸಿನಲ್ಲಿಟ್ಟುಕೊಂಡು ಮೈಸೂರಿನ ದೇವರಾಜ ಅರಸು ರಸ್ತೆ, ಸಯ್ಯಾಜಿರಾವ್ ರಸ್ತೆ ಸುತ್ತಿದೆ. ಚಪ್ಪಲಿಯೊಳಗೆ ಪೇಪರ್ ಇಟ್ಟು ನೋಡುವುದು, ಅಂಚು ಮಡಚಿಕೊಂಡರೆ ಬಿಗಿ, ವಾಪಸ್. ಒಬ್ಬ ಅಂಗಡಿ ಹುಡುಗ, "ಮೇಡಂ, ನಾಲ್ಕು ದಿನ ಹಾಕ್ಕೊಳ್ಳಿ, ತಾನೇ ಲೂಸ್ ಆಯ್ತದೆ" ಅಂದ. ಬ್ಲೌಸು ಬಿಗಿಯಾದಾಗ ನಾನೂ ಗಿರಾಕಿಗಳಿಗೆ ಇದನ್ನೇ ಹೇಳಿದ್ದೇನೆ. ನಗು ಬಂತು.

ಕೊನೆಗೆ ತಗೊಂಡದ್ದು ಎಂಸಿಆರ್, ಅಂದರೆ ಮೈಕ್ರೋ ಸೆಲ್ಯುಲರ್ ರಬ್ಬರ್ ಚಪ್ಪಲಿ. ಸಣ್ಣ ಸಣ್ಣ ಗಾಳಿಗುಳ್ಳೆ ತುಂಬಿದ ಮೆತ್ತನೆ ರಬ್ಬರ್ ಅದು. ವೆಲ್ಲೂರಿನಲ್ಲಿ ಡಾಕ್ಟರ್ ಪಾಲ್ ಬ್ರ್ಯಾಂಡ್ ಅವರ ತಂಡ ಕುಷ್ಠರೋಗದಿಂದ ಸ್ಪರ್ಶ ಕಳಕೊಂಡವರ ಪಾದ ಉಳಿಸಲು ಇದನ್ನು ಬಳಸಿತ್ತು. ಕಾಯಿಲೆ ಬೇರೆಯಾದರೂ ಕಾಲಿನ ಕಷ್ಟ ಒಂದೇ. ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಗಬೇಕು, ಬಿಟ್ಟರೆ ಮೇಲೆ ಬರಬೇಕು. ಆದರೆ ಅಡಿಯ ಅಟ್ಟೆ ಗಟ್ಟಿ ಇರಲೇಬೇಕು, ಇಲ್ಲದಿದ್ದರೆ ಗುಂಡುಸೂಜಿಯ ಕಥೆ ಮತ್ತೆ ಶುರು. ಬೆರಳ ಸಂದಿಗೆ ಸಿಕ್ಕಿಸುವ ಬಾರು ಬೇಡ, ಅದು ಉಜ್ಜಿ ಗಾಯ ಮಾಡುತ್ತೆ. ಹಿಮ್ಮಡಿಗೆ ಪಟ್ಟಿ ಬೇಕು. ಮೇಲಿನ ಪಟ್ಟಿ ಅಂಟಿಸಿ ಬಿಚ್ಚುವಂತಿದ್ದರೆ ಸಂಜೆ ಕಾಲು ಊದಿದಾಗ ಸಡಿಲ ಮಾಡಬಹುದು. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಇರಲಿ. ಒಳಗೆ ಮೊಳೆ ಹೊಡೆದಿರಬಾರದು. ಚೆಂದ ಇಲ್ಲ, ಒಪ್ಪುತ್ತೇನೆ. ರೇಷ್ಮೆ ಸೀರೆಯ ಕೆಳಗೆ ಅದನ್ನು ನೋಡಿ ಮಗಳು ಮುಖ ಸಿಂಡರಿಸಿದಳು.

ಮೊದಲ ದಿನ ಒಂದೇ ಗಂಟೆ ಹಾಕಿ, ಬಿಚ್ಚಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿದೆ. ಎಲ್ಲಾದರೂ ಕೆಂಪಾಗಿ ಅರ್ಧ ಗಂಟೆಯಾದರೂ ಹೋಗದಿದ್ದರೆ ಆ ಚಪ್ಪಲಿ ನಮಗಲ್ಲ. ಈಗ ದಿನಾ ಮೆಟ್ಟುವ ಮೊದಲು ಒಳಗೆ ಕೈಯಾಡಿಸುತ್ತೇನೆ. ಅಂಗಡಿಯೊಳಗೆ ಬೇರೊಂದು ಜೊತೆ. ಪೆಡಲ್ಲನ್ನೂ ಈಗ ಚಪ್ಪಲಿ ಹಾಕಿಯೇ ತುಳಿಯುತ್ತೇನೆ. ಮೊದಮೊದಲು ಹೊಲಿಗೆ ಸೊಟ್ಟ ಹೋಗುತ್ತಿತ್ತು.

ಕಾಲು ನೋಡಿಕೊಳ್ಳುವ ಅಭ್ಯಾಸ ಬಂದ ಮೇಲೆ ರಾತ್ರಿ ಬಟ್ಟೆ ಬದಲಿಸುವಾಗ ಮೈಯನ್ನೂ ನೋಡಿಕೊಳ್ಳತೊಡಗಿದೆ. ಸೊಂಟದ ಸುತ್ತ ಕಪ್ಪು ಗೆರೆ, ಮುಟ್ಟಿದರೆ ಒರಟು. ಒಳಲಂಗದ ಲಾಡಿಯ ಗುರುತು. ಸೀರೆ ಉಡುವ ನಮಗೆಲ್ಲ ಇರುವಂಥದ್ದೇ ಅಂತ ಇಷ್ಟು ವರ್ಷ ಬಿಟ್ಟಿದ್ದೆ. ಆದರೆ 2024ರಲ್ಲಿ ಮಹಾರಾಷ್ಟ್ರ, ಬಿಹಾರದ ಡಾಕ್ಟರುಗಳು ಇಬ್ಬರು ವಯಸ್ಸಾದ ಹೆಂಗಸರ ವಿಷಯ ಬರೆದಿದ್ದರು. ವರ್ಷಗಟ್ಟಲೆ ಸೊಂಟಕ್ಕೆ ಬಟ್ಟೆ ಬಿಗಿದು ಕಟ್ಟಿದ್ದ ಜಾಗದಲ್ಲಿ ಹುಣ್ಣಾಗಿ, ವಾಸಿಯಾಗದೆ, ಚರ್ಮದ ಕ್ಯಾನ್ಸರಿಗೆ ತಿರುಗಿತ್ತು. ಹೀಗಾಗುವುದು ತೀರಾ ಅಪರೂಪ, ಗಾಬರಿ ಬೇಡ. ಆದರೆ ಆ ಗೆರೆ ಬಿರಿದು ನೀರಾಡಿದರೆ, ಗಾಯ ಮಾಯದಿದ್ದರೆ ಡಾಕ್ಟರಿಗೆ ತೋರಿಸಿ.

ಇದಕ್ಕೆ ಔಷಧಿ ನನ್ನ ಮೆಷಿನ್ನಿನಲ್ಲೇ ಇತ್ತು. ಲಾಡಿ ತೆಗೆದು 3 ಇಂಚು ಅಗಲದ ಸೊಂಟಪಟ್ಟಿ ಇಟ್ಟು, ಪಕ್ಕದಲ್ಲಿ ಹುಕ್ಕಿಗೆ ಮೂರು ಮನೆ ಕೊಟ್ಟೆ. ಊಟ ಆದ ಮೇಲೆ ಒಂದು ಮನೆ ಸಡಿಲ. ಭಾರ ಹಗ್ಗದಂಥ ಒಂದೇ ಗೆರೆಯ ಮೇಲೆ ಬೀಳದೆ ಹಂಚಿಹೋಗುತ್ತೆ. ನೆರಿಗೆ ಜಾರಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಕಾಟನ್ ಒಳಲಂಗದಲ್ಲಿ ಜಾರುವುದಿಲ್ಲ. ಸ್ಯಾಟಿನ್ನಿನಲ್ಲಿ ಜಾರುತ್ತೆ, ಅದಕ್ಕೇ ಜನ ಇನ್ನಷ್ಟು ಬಿಗಿಯುತ್ತಾರೆ. ಒಳಲಂಗದ ಬದಲು ಹಾಕುವ, ಮೈಗೆ ಅಂಟುವ ಶೇಪ್‌ವೇರ್ ಮಂಡ್ಯದ ಬೇಸಿಗೆಗೆ ಹೇಳಿ ಮಾಡಿಸಿದ್ದಲ್ಲ ಅಂತ ನನ್ನ ಅಭಿಪ್ರಾಯ.

ಕಾಟನ್ ಅಂತ ಅಂಗಡಿಯವರು ಹೇಳಿದ್ದೆಲ್ಲ ಕಾಟನ್ ಅಲ್ಲ. ನಾನು ಒಂದೆರಡು ಎಳೆ ಕಿತ್ತು ಬೆಂಕಿಗೆ ಹಿಡಿಯುತ್ತೇನೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಪಾಲಿಯೆಸ್ಟರ್ ಮುದುಡಿ ಕರಗಿ ಗಟ್ಟಿ ಮಣಿಯಾಗುತ್ತೆ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ. ಹಾಗಂತ ಹತ್ತಿಯೇ ಸರ್ವಸ್ವ ಅಲ್ಲ. ಬೆವರು ಕುಡಿದರೆ ಬೇಗ ಒಣಗುವುದಿಲ್ಲ, ಒದ್ದೆಯಾದ ಮೇಲೆ ಬದಲಿಸಲೇಬೇಕು. ಒದ್ದೆಯಿಂದ ತೊಡೆಸಂದಿಗೆ ಬರುವ ಫಂಗಸ್ ತುರಿಕೆಗೆ ಔಷಧಿ ಅಂಗಡಿಯಲ್ಲಿ ಸಿಕ್ಕ ಮುಲಾಮು ತಂದು ಹಚ್ಚುವವರು ಬಹಳ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ತುರಿಕೆ ನಿಂತ ಹಾಗೆ ಮಾಡಿ ಆಮೇಲೆ ಜಾಸ್ತಿ ಹರಡುತ್ತೆ. ಒಳಬಟ್ಟೆಯನ್ನು ಸೀರೆಯ ಮರೆಯಲ್ಲಿ ಅಡಗಿಸದೆ ಬಿಸಿಲಿಗೆ ಹಾಕಿ.

ಕಷ್ಟವಾಗಿದ್ದು ಆಷಾಢ. ಪ್ರತಿವರ್ಷ ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲು ಬರಿಗಾಲಲ್ಲೇ ಹತ್ತುತ್ತಿದ್ದೆ. ಈ ಸಲ ಬೆಳಗಿನ ಬಸ್ಸಲ್ಲಿ ಹೋಗಿ, ಚಪ್ಪಲಿ ಬಿಟ್ಟ ಜಾಗದಿಂದ ದಪ್ಪ ಬಿಳಿ ಕಾಟನ್ ಕಾಲ್ಚೀಲದಲ್ಲಿ ನಡೆದೆ. "ಕಾಲ್ಚೀಲ ಹಾಕ್ಕೊಂಡು ಯಾರಾದ್ರೂ ತಾಯಿ ಹತ್ರ ಹೋಗ್ತಾರಾ ಅತ್ತಿಗೆ?" ಅಂತ ನಾದಿನಿ ಗೊಣಗಿದಳು. ಬಿಳಿ ಯಾಕೆ ಅಂದರೆ ರಕ್ತ ಬಂದರೆ ಕಾಣಲಿ ಅಂತ. ವಾಪಸ್ ಬಂದು ಬಸ್ಸಲ್ಲಿ ಕೂತು ನೋಡಿದರೆ ಅಂಗಾಲೆಲ್ಲ ಕೆಂಪು! ಎದೆ ಧಸಕ್ಕೆಂದಿತು. ಕಾಲ್ಚೀಲ ಕಿತ್ತು ಬೆರಳ ಸಂದಿ ಬಿಡಿಸಿ ಸವರಿದೆ. ಕುಂಕುಮ. ನಾದಿನಿ ಬಾಯ್ತುಂಬ ನಕ್ಕಳು. ಆಮೇಲೆ ಮೆಲ್ಲಗೆ ತನ್ನ ಕಾಲನ್ನೂ ಎತ್ತಿ ನೋಡಿಕೊಂಡಳು.